ಮುಟ್ಟದೆ ಪಟ್ಟಿಯ ದಾರಿ ಹಿಡಿಯುವ ಸುರುಳಿ

ಮನೆಯ ಮಾಡಿಗೆ ಹೊದಿಸುವ ಜಿಂಕ್ ಶೀಟನ್ನು ನಾವೆಲ್ಲ ನೋಡಿದ್ದೇವೆ. ಅದು ಒಂದೊಂದೇ ಶೀಟಾಗಿ ತಯಾರಾಗುವುದಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆ ಇರುವ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಉಕ್ಕಿನ ತೆಳು ಪಟ್ಟಿ ರೋಲರ್‌ಗಳ ಮೇಲೆ ನಿಲ್ಲದೆ ಓಡುತ್ತಾ, ಮೊದಲು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯನ್ನೂ ಆಮೇಲೆ ಸುಮಾರು 460 ಡಿಗ್ರಿಯ ಕರಗಿದ ಸತುವಿನ ತೊಟ್ಟಿಯನ್ನೂ ಹಾದುಹೋಗುತ್ತದೆ.

ಓಡುವಾಗ ಪಟ್ಟಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಅಂಚು ಕುಲುಮೆಯ ಗೋಡೆಗೆ ತಾಗಿದರೆ ಪಟ್ಟಿ ಹರಿಯಬಹುದು. ಆಗ ಇಡೀ ಲೈನ್ ನಿಲ್ಲಿಸಿ, ಕುಲುಮೆ ತಣಿಸಿ, ಪಟ್ಟಿಯನ್ನು ಮತ್ತೆ ಪೋಣಿಸಬೇಕು. ಹಾಗಾದರೆ ಪಟ್ಟಿ ಎಲ್ಲಿದೆ ಎಂದು ಪ್ರತಿಕ್ಷಣ ತಿಳಿಯುವುದು ಹೇಗೆ? ಮುಟ್ಟಿ ನೋಡಿದರೆ ಗೀರು ಬೀಳುತ್ತದೆ. ಕ್ಯಾಮೆರಾ ಇಟ್ಟರೆ ಧೂಳು, ಹಬೆ, ಶಾಖದ ಕಾಟ.

ಉತ್ತರ ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಬದಲಾಗುವ ಕಾಂತಕ್ಷೇತ್ರವು ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಕಾರ್ಖಾನೆಯಲ್ಲಿ ಪಟ್ಟಿಯ ಎರಡೂ ಅಂಚುಗಳ ಬಳಿ ಒಂದೊಂದು ಜೋಡಿ ಸುರುಳಿ ಇಡುತ್ತಾರೆ: ಪಟ್ಟಿಯ ಮೇಲ್ಗಡೆ ಕ್ಷೇತ್ರ ಕಳಿಸುವ ಸುರುಳಿ, ಕೆಳಗಡೆ ಅದನ್ನು ಪಡೆಯುವ ಸುರುಳಿ. ಕಳಿಸುವ ಸುರುಳಿಗೆ ಎ.ಸಿ. ಕೊಡುತ್ತಾರೆ. ಡಿ.ಸಿ. ಕೊಟ್ಟರೆ ಕ್ಷೇತ್ರ ಬದಲಾಗದು, ವೋಲ್ಟೇಜೂ ಹುಟ್ಟದು.

ನಡುವೆ ಬಂದ ಲೋಹದಲ್ಲಿ ಸುಳಿ ಪ್ರವಾಹಗಳು ಏಳುತ್ತವೆ. ಲೆನ್ಜ್ ನಿಯಮದಂತೆ ಅವು ತಮ್ಮನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುವುದರಿಂದ, ಪಟ್ಟಿ ಎಷ್ಟು ಭಾಗ ಮುಚ್ಚಿದೆಯೋ ಅಷ್ಟಕ್ಕೆ ಕೆಳಗಿನ ಸುರುಳಿಯ ವೋಲ್ಟೇಜ್ ತಗ್ಗುತ್ತದೆ.

ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಎರಡು ಬದಿಯ ವೋಲ್ಟೇಜ್‌ಗಳ ವ್ಯತ್ಯಾಸವನ್ನು ಅಳೆಯುತ್ತಾರೆ. ಪಟ್ಟಿ ಮಧ್ಯದಲ್ಲಿದ್ದರೆ ವ್ಯತ್ಯಾಸ ಸೊನ್ನೆ. ಬಲಕ್ಕೆ ಸರಿದರೆ ಬಲಗಡೆಯದು ಇಳಿಯುತ್ತದೆ, ಎಡಗಡೆಯದು ಏರುತ್ತದೆ. ಅಗಲವಾದ ಪಟ್ಟಿ ಬಂದರೆ ಎರಡೂ ಸಮನಾಗಿ ಇಳಿಯುವುದರಿಂದ ವ್ಯತ್ಯಾಸ ಮತ್ತೆ ಸೊನ್ನೆಯೇ! ವ್ಯತ್ಯಾಸ ಕಂಡೊಡನೆ ಹೈಡ್ರಾಲಿಕ್ ಸಿಲಿಂಡರ್ ಒಂದು ರೋಲರನ್ನು ತುಸು ಓರೆ ಮಾಡಿ ಪಟ್ಟಿಯನ್ನು ಮಧ್ಯಕ್ಕೆ ತರುತ್ತದೆ.

ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ತನ್ನ ಪ್ರಬಲ ಕಾಂತಗುಣ ಕಳೆದುಕೊಳ್ಳುತ್ತದೆಯಲ್ಲ, ಆಗೇನು ಗತಿ ಎಂದು ನೀವು ಕೇಳಬಹುದು. ಕಾಂತಗುಣ ಹೋದರೂ ಅದು ವಾಹಕವಾಗಿಯೇ ಉಳಿಯುತ್ತದೆ; ಸುಳಿ ಪ್ರವಾಹ ನಿಲ್ಲುವುದಿಲ್ಲ. ಅದೇ ಕಾರಣಕ್ಕೆ ಅಲ್ಯೂಮಿನಿಯಂ, ತಾಮ್ರದ ಪಟ್ಟಿಗಳಿಗೂ ಈ ವಿಧಾನ ಒಗ್ಗುತ್ತದೆ.

ಪರೀಕ್ಷೆಗೆಂದು ಬಾಯಿಪಾಠ ಮಾಡುವ ಲೆನ್ಜ್ ನಿಯಮವೇ ಅಲ್ಲಿ ಹಗಲಿರುಳೂ ಕಾವಲು ಕಾಯುತ್ತಿದೆ. ಮುಂದಿನ ಸಲ ಆ ಪಾಠ ತೆರೆದಾಗ ಜಿಂಕ್ ಶೀಟನ್ನೊಮ್ಮೆ ನೆನೆಯಿರಿ.