ಜನರೇಟರು ಮತ್ತು ಹವಾನಿಯಂತ್ರಕ: ಆರಂಭಭಾರದ ವಿಚಾರ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಬೇಸಗೆಯ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ವಿದ್ಯುತ್ತು ನಿಂತಾಗ ಡೀಸೆಲ್ ಜನರೇಟರಿನಿಂದ ದೀಪ, ಫ್ಯಾನುಗಳು ಸರಾಗವಾಗಿ ನಡೆಯುತ್ತವೆ. ಹವಾನಿಯಂತ್ರಕವನ್ನು ಚಾಲನೆಗೊಳಿಸಿದೊಡನೆ ಎಂಜಿನ್ನು ತತ್ತರಿಸುತ್ತದೆ. ಇದರ ಕಾರಣವನ್ನು ವಿಚಾರಿಸೋಣ.

ಒಂದೂವರೆ ಟನ್ನಿನ ಸ್ಥಿರವೇಗದ ಹವಾನಿಯಂತ್ರಕವು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಪ್ರವಾಹವನ್ನು ಸೆಳೆಯುವುದೆಂದಿಟ್ಟುಕೊಳ್ಳೋಣ. 5 ಕಿಲೋವೋಲ್ಟ್-ಆಂಪಿಯರ್ ಜನರೇಟರು ಸುಮಾರು 22 ಆಂಪಿಯರ್ ಕೊಡಬಲ್ಲುದು. ಈ ಲೆಕ್ಕದಂತೆ ಎರಡು ಯಂತ್ರಗಳು ನಡೆಯಬೇಕು. ಆದರೆ ನಿಂತ ಮೋಟಾರು ತಿರುಗತೊಡಗುವ ಕ್ಷಣದಲ್ಲಿ ಸುಮಾರು ಐದು ಮಡಿ, ಎಂದರೆ 40 ಆಂಪಿಯರ್ ಬೇಡುತ್ತದೆ. ಆಗ ವೋಲ್ಟೇಜು ಕುಸಿಯುತ್ತದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟೇಜು ನೂರಕ್ಕೆ 70ಕ್ಕೆ ಇಳಿದರೆ ಬಲವು ಅರ್ಧವಾಗುತ್ತದೆ. ತಿರುಗಲಾರದ ಮೋಟಾರು ಕಾಯ್ದು ಅದರ ಸುರುಳಿ ಸುಟ್ಟುಹೋಗಬಹುದು.

ದೊಡ್ಡ ಜನರೇಟರಿಗೆ ಹಣ ತೆರುವ ಮುನ್ನ ಕೆಲವು ಪರೀಕ್ಷೆಗಳು ಅವಶ್ಯ. ಮೊದಲನೆಯದು ಗಾಳಿಶೋಧಕ. ಕಲ್ಲುಗಣಿ, ಸಿಮೆಂಟು ಕಾರ್ಖಾನೆಗಳ ಈ ಸೀಮೆಯಲ್ಲಿ ಧೂಳು ಅದನ್ನು ಬೇಗನೆ ಕಟ್ಟುತ್ತದೆ; ಬಿಸಿಗಾಳಿಯು ವಿರಳವಾದುದರಿಂದಲೂ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಎರಡನೆಯದಾಗಿ, ಭಾರ ಹೊತ್ತಾಗ ಆವರ್ತನವು 50 ಹರ್ಟ್ಸಿನ ಸಮೀಪ ನಿಲ್ಲದಿದ್ದರೆ ಇಂಧನಶೋಧಕವನ್ನೂ ವೇಗನಿಯಾಮಕವನ್ನೂ ನೋಡತಕ್ಕದ್ದು. ಮೂರನೆಯದಾಗಿ, ಉದ್ದವಾದ ತೆಳುತಂತಿಯಲ್ಲಿ ವೋಲ್ಟೇಜು ನಷ್ಟವಾಗುತ್ತಿರಬಹುದು.

ಯಂತ್ರಗಳನ್ನು ಒಂದಾದ ಮೇಲೊಂದರಂತೆ ಚಾಲನೆಗೊಳಿಸಬೇಕು. ನಿಲ್ಲಿಸಿದ ಯಂತ್ರಕ್ಕೆ ಮೂರು ನಿಮಿಷ ಬಿಡುವು ಕೊಟ್ಟರೆ ಒಳಗಿನ ಅನಿಲದ ಒತ್ತಡವು ಸಮವಾಗಿ ಆರಂಭವು ಸುಲಭವಾಗುತ್ತದೆ. ಇನ್ವರ್ಟರ್ ಮಾದರಿಯು ಮೆಲ್ಲನೆ ವೇಗ ಪಡೆಯುವುದರಿಂದ ಅಲ್ಲಿ ಈ ತೊಡಕು ಕಡಮೆ. ಜನರೇಟರನ್ನು ಆರಿಸುವವರು ಆರಂಭದ ಪ್ರವಾಹವನ್ನೇ ಅಳತೆಗೋಲಾಗಿ ಹಿಡಿಯತಕ್ಕದ್ದು.