ಸ್ಟಿಯರಿಂಗ್ ಚಕ್ರ ಬಿಚ್ಚಲು ಸುತ್ತಿಗೆ ಬೇಡ, ಪುಲ್ಲರ್ ಬಳಸಿ



ಕೊಟ್ಟೂರೇಶ್ವರನ ತೇರು ಮುಗಿದ ಮೇಲೆ ಮುಂಗಾರು ಇಳಿಯುವವರೆಗಿನ ಬಿಡುವು ಟ್ರ್ಯಾಕ್ಟರ್ ರಿಪೇರಿಗೆ ತಕ್ಕ ಕಾಲ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತನೆಯ ಹದ ಬಹಳ ದಿನ ನಿಲ್ಲುವುದಿಲ್ಲ. ಆಗ ಟ್ರ್ಯಾಕ್ಟರ್ ಕೆಟ್ಟು ನಿಂತರೆ ವರ್ಷದ ಬೆಳೆಗೇ ಪೆಟ್ಟು.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ರೈತರೊಬ್ಬರು ಸ್ಟಿಯರಿಂಗ್ ಕಂಬದ ಸವೆದ ಬುಷ್ ಬದಲಿಸಲು ಹೊರಟರು. ಚಕ್ರ ಅಲುಗಲಿಲ್ಲ. ಸಿಟ್ಟಿನಿಂದ ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಹೊಡೆದರು. ಪಕ್ಕದಲ್ಲೇ ನಿಂತಿದ್ದ ನಾನೂ ಬೇಡ ಎನ್ನಲಿಲ್ಲ. ಚಕ್ರ ಬರಲಿಲ್ಲ, ಶಾಫ್ಟಿನ ಥ್ರೆಡ್ಡು ಜಜ್ಜಿಹೋಯಿತು. ಹೊಸ ಶಾಫ್ಟ್ ಬರುವಷ್ಟರಲ್ಲಿ ಹೊಲದ ಹದ ಆರಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಅಂದು ನಮ್ಮಿಬ್ಬರಿಗೂ ಸಲ್ಲುತ್ತಿತ್ತು.

ಚಕ್ರ ಏಕೆ ಕಚ್ಚಿಕೊಳ್ಳುತ್ತದೆ?

ಅನೇಕ ಟ್ರ್ಯಾಕ್ಟರುಗಳಲ್ಲಿ ಶಾಫ್ಟಿನ ತುದಿ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದೆ. ಮೈಮೇಲೆ ಸಣ್ಣ ಹಲ್ಲುಗಳಿರುತ್ತವೆ. ನಟ್ಟು ಬಿಗಿದಷ್ಟೂ ಚಕ್ರವು ಬೆಣೆ ಹೊಡೆದಂತೆ ಕೂರುತ್ತದೆ. ಅದರ ಮೇಲೆ ಮಳೆ, ಧೂಳು, ತುಕ್ಕು. ಸುತ್ತಿಗೆಯ ಪೆಟ್ಟು ಈ ಹಿಡಿತವನ್ನು ಬಿಡಿಸುವ ಬದಲು ಕೆಳಗಿನ ಸ್ಟಿಯರಿಂಗ್ ಪೆಟ್ಟಿಗೆಯ ಬೇರಿಂಗುಗಳಿಗೆ ತಾಗುತ್ತದೆ.

ಪುಲ್ಲರ್ ಕೆಲಸವೇ ಬೇರೆ. ಅದರ ಕಾಲುಗಳು ಚಕ್ರವನ್ನು ಕೆಳಗಿನಿಂದ ಹಿಡಿಯುತ್ತವೆ; ನಡುವಿನ ಬೋಲ್ಟು ಶಾಫ್ಟನ್ನು ಒತ್ತುತ್ತದೆ. ಒಂದು ಅಡಿ ಉದ್ದದ ಪಾನಾವನ್ನು ಒಂದು ಸುತ್ತು ತಿರುಗಿಸಿದರೆ ನಮ್ಮ ಕೈ ಆರು ಅಡಿಗೂ ಹೆಚ್ಚು ಸಾಗುತ್ತದೆ, ಬೋಲ್ಟು ಮಾತ್ರ ಸುಮಾರು 2 ಮಿಲಿಮೀಟರ್ ಸರಿಯುತ್ತದೆ. ಹೀಗೆ ಕೈಯ ಅಲ್ಪ ಬಲ ಹಲವು ಪಟ್ಟಾಗಿ, ನೇರವಾಗಿ ಚಕ್ರವನ್ನು ಎತ್ತುತ್ತದೆ.

ಬಿಚ್ಚುವ ಕ್ರಮ

1. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಗಾಲಿ ನೇರ ಮಾಡಿ, ಬ್ರೇಕ್ ಹಾಕಿ ಎಂಜಿನ್ ಆರಿಸಿರಿ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಿರಿ.

2. ಚಕ್ರದ ನಡುವಿನ ಮುಚ್ಚಳ ತೆಗೆಯಿರಿ. ಹಾರ್ನ್ ವೈರಿದ್ದರೆ ಬಿಡಿಸಿರಿ. ಚಕ್ರ ಮತ್ತು ಶಾಫ್ಟಿನ ಮೇಲೆ ಒಂದೇ ನೇರಕ್ಕೆ ಗುರುತು ಹಾಕಿರಿ.

3. ಸರಿಯಾದ ಅಳತೆಯ ಬಾಕ್ಸ್ ಪಾನಾದಿಂದ ನಟ್ಟು ಸಡಿಲಿಸಿರಿ. ಆದರೆ ಪೂರ್ತಿ ತೆಗೆಯಕೂಡದು. ಶಾಫ್ಟಿನ ತುದಿಯ ಮಟ್ಟಕ್ಕೆ ಬಿಡಿರಿ. ಚಕ್ರ ಥಟ್ಟನೆ ಹಾರಿದರೆ ಮುಖಕ್ಕೆ ಬಡಿಯದಂತೆ ತಡೆಯುವುದು ಈ ನಟ್ಟೇ.

4. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿರಿ. ಬಹಳ ಕಚ್ಚಿದ್ದರೆ ಒಂದು ರಾತ್ರಿ ಬಿಡುವುದು ಲೇಸು.

5. ಪುಲ್ಲರಿನ ಕಾಲುಗಳನ್ನು ಚಕ್ರದ ಗಟ್ಟಿ ನಡುಭಾಗಕ್ಕೇ ಸಿಕ್ಕಿಸಿರಿ, ಕಡ್ಡಿಗಳಿಗೆ ಬೇಡ. ನಡುಭಾಗದಲ್ಲಿ ಥ್ರೆಡ್ಡಿರುವ ಎರಡು ತೂತುಗಳಿದ್ದರೆ ಬೋಲ್ಟು ಹಾಕಿ ಎಳೆಯುವ ಪುಲ್ಲರ್ ಉತ್ತಮ. ನಡುವಿನ ಬೋಲ್ಟಿಗೆ ಗ್ರೀಸ್ ಹಚ್ಚಿ, ಅದರ ಮೊನೆಯನ್ನು ಶಾಫ್ಟಿನ ನಟ್ಟನಡುವೆ ಕೂರಿಸಿರಿ.

6. ಅರ್ಧರ್ಧ ಸುತ್ತು ಬಿಗಿಯಿರಿ. ತಡೆದರೆ ಅದೇ ಬಿಗಿಯಲ್ಲಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಮತ್ತೆ ಎಣ್ಣೆ ಬಿಟ್ಟು, ನಡುಭಾಗದ ಪಕ್ಕಕ್ಕೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿರಿ. ಟಕ್ ಎಂಬ ಸದ್ದಿನೊಡನೆ ಚಕ್ರ ಸಡಿಲಾಗುತ್ತದೆ. ಮುಖ ಬಗ್ಗಿಸಿ ನಿಲ್ಲಬೇಡಿ, ಕಣ್ಣಿಗೆ ಕನ್ನಡಕವಿರಲಿ.

ಬೆಂಕಿ ಹಾಯಿಸಿ ಕಾಯಿಸುವುದು ಸಲ್ಲದು. ಚಕ್ರದ ಪ್ಲಾಸ್ಟಿಕ್ಕೂ ಒಳಗಿನ ಸೀಲೂ ಸುಟ್ಟುಹೋಗುತ್ತವೆ.

ಮತ್ತೆ ಕೂರಿಸುವಾಗ

ಶಾಫ್ಟನ್ನು ಒರೆಸಿ, ಗುರುತಿಗೆ ಗುರುತು ಕೂಡಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಿರಿ. ರಸ್ತೆಗೆ ಇಳಿಯುವ ಮುನ್ನ ಕಣದಲ್ಲೇ ಎಡಬಲ ಪೂರ್ತಿ ತಿರುಗಿಸಿ ನೋಡಿರಿ. ಸ್ಟಿಯರಿಂಗ್ ಸಡಿಲವಿದ್ದರೆ ಟ್ರೈಲರ್ ತುಂಬಾ ಇರುವ ಜನರ ಪ್ರಾಣಕ್ಕೇ ಅಪಾಯ ಎಂಬುದನ್ನು ಮರೆಯಬಾರದು.

ಕಾರಿಗೆ ಎಚ್ಚರ

ಕಾರಿನ ಚಕ್ರವೂ ಹೀಗೆಯೇ ಕಚ್ಚುವುದುಂಟು. ಆದರೆ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದು ಸ್ಟಿಯರಿಂಗ್ ಚಕ್ರದೊಳಗೇ ಇರುತ್ತದೆ. ತಿಳಿಯದೆ ಕೈಯಿಟ್ಟರೆ ಸಿಡಿಯಬಹುದು. ಅಂಥ ಕಾರನ್ನು ತರಬೇತಾದ ಮೆಕ್ಯಾನಿಕ್ಕಿಗೇ ಬಿಡಿರಿ.

ಪುಲ್ಲರನ್ನು ನಾಲ್ಕಾರು ರೈತರು ಕೂಡಿ ಕೊಂಡರೂ ಸಾಕು. ಅದೇ ಉಪಕರಣ ಪಂಪಿನ ಪುಲ್ಲಿ, ಬೇರಿಂಗ್ ಎಳೆಯಲೂ ಒದಗುತ್ತದೆ. ಟ್ರ್ಯಾಕ್ಟರ್ ನಿರ್ವಹಣೆ ಕಲಿಯುವ ಆಸೆಯುಳ್ಳ ಯುವಕರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ 1983ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.

ಈ ಬಿಡುವಿನಲ್ಲೇ ನಿಮ್ಮ ಟ್ರ್ಯಾಕ್ಟರಿನ ಸ್ಟಿಯರಿಂಗ್ ಒಮ್ಮೆ ಪರೀಕ್ಷಿಸಿರಿ. ಮಳೆ ಬಿದ್ದ ಮೇಲೆ ರಿಪೇರಿಗೆ ಕೂರುವುದು ಬೇಡ.