ರೈಸ್ ಅಂದರೆ ಅಕ್ಕಿಯಲ್ಲ

ಸಮಾಜ ಪಾಠದಲ್ಲಿ ಬಿ.ಎಲ್. ರೈಸ್ ಅಂತ ಹೆಸರು ಬಂದರೆ ಸಾಕು, ಹಿಂದಿನ ಬೆಂಚಿನಲ್ಲಿ ‘ಅನ್ನ, ಸಾರು’ ಅಂತ ನಗು ಶುರುವಾಗುತ್ತೆ. ಅವರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಊರೂರು ತಿರುಗಿ, ಸುಮಾರು 9 ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಗುವ ಮೊದಲು ಆ ಹೆಸರು ಎಲ್ಲಿಂದ ಬಂತು ಅಂತ ನೋಡೋಣ.

ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅಲ್ಲಿನ ಭಾಷೆಯೇ ಬೇರೆ, ವೆಲ್ಷ್. ಅದರಲ್ಲಿ ‘ರೀಸ್’ ಅನ್ನೋದು ಗಂಡುಮಕ್ಕಳಿಗೆ ಇಡುವ ಹೆಸರು. ಅರ್ಥ ಹುರುಪು, ಉತ್ಸಾಹ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದ್ಯಗಾರರಿಗೂ ದೊಡ್ಡ ಸ್ಪರ್ಧೆ ಇಟ್ಟ ದೊರೆಯ ಹೆಸರೂ ರೀಸ್. ರೈಸ್ ಎಂಬ ಮನೆತನದ ಹೆಸರು ಹೆಚ್ಚಾಗಿ ಬಂದಿರುವುದು ಇದರಿಂದಲೇ.

ಹಿಂದೆ ಅಲ್ಲಿ ಮನೆತನದ ಹೆಸರು ಇಡುವ ರೂಢಿ ಇರಲಿಲ್ಲ, ತಂದೆಯ ಹೆಸರಿನಿಂದ ಗುರುತು ಹಿಡಿಯುತ್ತಿದ್ದರು. ‘ಥಾಮಸ್ ಅಪ್ ರೀಸ್’ ಎಂದರೆ ರೀಸನ ಮಗ ಥಾಮಸ್. (ನಮ್ಮಲ್ಲಿ ಅಪ್ಪ ಅಂದರೆ ತಂದೆ, ಅಲ್ಲಿ ಅಪ್ ಅಂದರೆ ಮಗ! ಎಂಥಾ ತಮಾಷೆ.) 1536ರಲ್ಲಿ ವೇಲ್ಸನ್ನು ಇಂಗ್ಲೆಂಡಿನ ಕಾನೂನಿಗೆ ಸೇರಿಸಿದರು. ಕೋರ್ಟಿನ ಭಾಷೆ ಇಂಗ್ಲಿಷಾಯಿತು. ಬರೆಯುವವರು ಕಿವಿಗೆ ಬಿದ್ದ ಹಾಗೆ, ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡರು. ರೀಸ್ ಹೋಗಿ ರೈಸ್ ಆಯಿತು, ಅಕ್ಕಿಯ ಅಕ್ಷರಗಳೇ ಬಂದು ಕೂತವು. ‘ಅಪ್ ರೀಸ್’ನಲ್ಲಿ ‘ಅ’ ಉದುರಿ ಪ್ರೈಸ್ ಆಯಿತು, ಅದರಲ್ಲಿ ಬೆಲೆಯ ಮಾತೇ ಇಲ್ಲ. ಪೊವೆಲ್ ಕೂಡ ಹೀಗೇ, ಹೌವೆಲ್ ಎಂಬುವನ ಮಗ. ಬೋವೆನ್ ಅಂದರೆ ಓವೆನ್‌ನ ಮಗ.